ಬರಿಗಾಲ ಗುಡ್ಡ

ಕಾರೇಹಳ್ಳಿಯಿಂದ ಪಡುವಣಕ್ಕೆ ಹೊರಟ ಬಂಡಿದಾರಿ ಇಕ್ಕಟ್ಟಾದ ಕಣಿವೆಗೆ ಇಳಿಯುವಲ್ಲಿ, ಬಲಗಡೆ ನಿಂತಿರುವ ಬೋಳು ಗುಡ್ಡಕ್ಕೆ ಬರಿಗಾಲ ಗುಡ್ಡವೆಂದು ಹೆಸರು. ಮೇಲೆ ಗುಡಿಯಿಲ್ಲ, ಗೋಪುರವಿಲ್ಲ, ಕೈಮುಗಿಯಲು ಒಂದು ನೆಟ್ಟ ಕಲ್ಲೂ ಇಲ್ಲ. ಆದರೂ ಹತ್ತುವವರು ಬುಡದ ಹುಣಸೆಮರದಡಿ ಮೆಟ್ಟು ಬಿಟ್ಟೇ ಹತ್ತುತ್ತಾರೆ, ಬಂಡೆ ಕಾದ ಹೆಂಚಾಗುವ ಬೇಸಿಗೆಯಲ್ಲೂ. ಅಲ್ಲಿ ಯಾರೋ ಸನ್ಯಾಸಿ ತಪಸ್ಸಿಗೆ ಕೂತಿದ್ದನೆಂದು ಈಚೆಗೆ ಕೆಲವರು ಕತೆ ಕಟ್ಟಿದ್ದಾರೆ. ಕಟ್ಟಲಿ ಬಿಡಿ, ಅವರ ಬಾಯಿಗೆ ಬೀಗ ಹಾಕುವವರು ಯಾರು! ಹಿರಿಯರು ಹೇಳುವುದು ಸನ್ಯಾಸಿಯ ಮಾತಲ್ಲ, ಒಬ್ಬ ಬೇಹುಗಾರನ ಮಾತು.

ಹಿಂದೆ ಒಮ್ಮೆ, ಈ ಸೀಮೆ ಗುಂಡ್ಲಕೋಟೆಯ ನಾಯಕರ ಗಡಿಯಾಗಿದ್ದಾಗ, ಪಾಲಯ್ಯನೆಂಬ ಬೇಡರವನು ಈ ಗುಡ್ಡದ ಮೇಲೆ ಕಾವಲಿದ್ದ. ಮೀಸೆ ಬರುವ ಮೊದಲೇ ಬಿಲ್ಲು ಹಿಡಿದವನು, ಮೂರು ಕಾಳಗ ಕಂಡವನು. ದಾರಿಯ ಧೂಳು ನೋಡಿ ಹೋದವರು ಯಾರು, ಹೊರೆ ಹೊತ್ತಿದ್ದರೋ ಇಲ್ಲವೋ ಎಂದು ಹೇಳಿಬಿಡುತ್ತಿದ್ದನಂತೆ. ಆ ಹೆಮ್ಮೆಯೂ ಅವನಿಗೆ ತುಸು ಜಾಸ್ತಿಯೇ ಇತ್ತೆನ್ನಿ. ಗಡಿಯವರ ಮೆಟ್ಟನ್ನು ಬೇಹುಗಾರರೇ ಹೊಲಿದು, ಹಿಮ್ಮಡಿಯಲ್ಲಿ ತಮ್ಮದೊಂದು ಗುರುತಿನ ಹೊಲಿಗೆ ಹಾಕುವುದು ಆಗಿನ ಪದ್ಧತಿ. ಹೆಜ್ಜೆ ನೋಡಿದರೆ ನಮ್ಮವರು ಯಾರು, ಹೊರಗಿನವರು ಯಾರು ಎಂದು ತಿಳಿಯಬೇಕಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ವೈರಿಗಳ ಮೇಲೆ ಕಣಿವೆಗೆ ಕಲ್ಲುರುಳಿಸುವಾಗ ಕೆಳಗೆ ನಮ್ಮವನೊಬ್ಬ ಸಿಕ್ಕಿಬಿದ್ದಿದ್ದರೆ, ಮೊದಲು ಕೌಜುಗ ಹಕ್ಕಿಯ ಹಾಗೆ ಕೂಗಬೇಕು. ಕೂಗು ಕೇಳಿದವನು ಬಂಡೆಯ ಬುಡಕ್ಕೆ ಹಾರಿ ಜೀವ ಉಳಿಸಿಕೊಳ್ಳುತ್ತಿದ್ದ.

ಪಾಲಯ್ಯನ ತಂಗಿ ಬೋರಕ್ಕನ ಗಂಡ ಮಲ್ಲೂರ. ಮದುವೆಯಲ್ಲಿ ಅವನಿಗೆ ಪಾಲಯ್ಯನೇ ಮೆಟ್ಟು ಹೊಲಿದು ಕೊಟ್ಟಿದ್ದ. ಒಂದು ಸಲ ಉಪ್ಪು ತರಲು ಗಡಿಯಾಚೆ ಹೋದ ಮಲ್ಲೂರ ತಿರುಗಿ ಬರಲಿಲ್ಲ. ಕೆಲವು ದಿನ ಕಳೆದ ಮೇಲೆ ಪಾಲಯ್ಯ ಹಳ್ಳದ ಮರಳಿನಲ್ಲಿ ವೈರಿ ದಂಡಿನ ಹೆಜ್ಜೆಗಳನ್ನು ಕಂಡ. ಅವುಗಳ ಮುಂದೆ ಮಲ್ಲೂರನಿಗೆ ತಾನೇ ಹೊಲಿದ ಮೆಟ್ಟಿನ ಗುರುತು! ಪಕ್ಕದಲ್ಲೇ ಬರಿಗಾಲಿನ ಹೆಜ್ಜೆಯೂ ಇತ್ತು. ಯಾರೋ ಹೊರೆಯಾಳು ಎಂದುಕೊಂಡು ಅದರ ಗೊಡವೆಗೆ ಹೋಗಲಿಲ್ಲ. "ಅಯ್ಯೋ ಮನೆಹಾಳ, ಉಂಡ ಮನೆಗೆ ದಾರಿ ತೋರಿಸಿದೆಯಾ!" ಎಂದು ಹಲ್ಲು ಕಡಿಯುತ್ತ ಗುಡ್ಡ ಹತ್ತಿದ. ದಂಡು ಕಣಿವೆಗೆ ಇಳಿಯಿತು. ಆ ಹೆಜ್ಜೆ ಕಂಡಿದ್ದ ಜೊತೆಯವನೊಬ್ಬ, "ಮುಂದೆ ನಮ್ಮ ಮಲ್ಲೂರ ಇರಬೇಕಲ್ಲಣ್ಣ, ಕೂಗಬೇಡವೇ?" ಎಂದ. "ಅವನು ನಮ್ಮವನಲ್ಲ," ಎಂದ ಪಾಲಯ್ಯ. ಕಲ್ಲುಗಳು ಉರುಳಿದವು. ಬದುಕಿದವರು ಓಡಿದರು, ಕೋಟೆ ಉಳಿಯಿತು.

ಕೆಳಗಿಳಿದು ನೋಡಿದರೆ, ಗುರುತಿನ ಮೆಟ್ಟು ತೊಟ್ಟು ಸತ್ತಿದ್ದವನು ಯಾರೋ ಪರಸೀಮೆಯವನು. ಅವನ ಪಕ್ಕದಲ್ಲಿ, ಕೈ ಹಿಂದಕ್ಕೆ ಕಟ್ಟಿಸಿಕೊಂಡು, ಬರಿಗಾಲಲ್ಲಿ ಮಲ್ಲೂರ ಬಿದ್ದಿದ್ದ. ವೈರಿಗಳು ಅವನನ್ನು ಹಿಡಿದು, ಮೆಟ್ಟು ಕಿತ್ತುಕೊಂಡು, ದಾರಿ ತೋರಿಸೆಂದು ಬಡಿದಿದ್ದರು. ಅತ್ತ ಬಯಲಲ್ಲಿ ಸಲೀಸಾದ ದಾರಿ ಇತ್ತು. ಅದನ್ನು ಬಿಟ್ಟು ಅವನು ಅವರನ್ನು ಬೇಕೆಂದೇ ಭಾವನ ಕಲ್ಲುಗಳ ಕೆಳಗೆ ಕರೆತಂದಿದ್ದ. ಕೂಗಿಗೆ ಕಾದವನ ಮುಖ ಗುಡ್ಡದ ಕಡೆಗೇ ಇತ್ತು. ಬೋರಕ್ಕ ಬಂದು ಗಂಡನ ಕಾಲು ಸವರಿದಳು. ಅಳಲಿಲ್ಲ, ಶಾಪ ಹಾಕಲಿಲ್ಲ. "ಅಣ್ಣಾ, ನೀನು ಮೆಟ್ಟು ನೋಡಿದೆ, ಕಾಲು ನೋಡಲಿಲ್ಲ," ಎಂದಳಂತೆ, ಅಷ್ಟೇ.

ನಾಯಕರು ಕೊಟ್ಟ ಉಂಬಳಿಯನ್ನು ಪಾಲಯ್ಯ ಮುಟ್ಟಲಿಲ್ಲ, ತಂಗಿಯ ಹೆಸರಿಗೆ ಬಿಟ್ಟುಕೊಟ್ಟ. ಆಮೇಲೆ ಮುದುಕನಾಗುವವರೆಗೂ ಅದೇ ಗುಡ್ಡದಲ್ಲಿ ಬರಿಗಾಲಲ್ಲೇ ಕಾವಲಿದ್ದ, ಅಲ್ಲಿಯೇ ಸತ್ತ ಎನ್ನುತ್ತಾರೆ. ಈಗ ಕೋಟೆಯೂ ಇಲ್ಲ, ಗಡಿಯೂ ಇಲ್ಲ. ಹುಣಸೆಮರದಡಿ ಮಾತ್ರ ರಬ್ಬರ್ ಚಪ್ಪಲಿ, ಬೂಟು ಎಲ್ಲ ಸಾಲಾಗಿ ಬಿದ್ದಿರುತ್ತವೆ. ಮೇಲೆ ಕುರಿ ಹೊಡೆದುಕೊಂಡು ಹೋದವರು, ಕುರಿಯ ಕಾಲಿಗೆ ಸಿಕ್ಕ ಕಲ್ಲು ಜಾರೀತೆಂದು, ಕಣಿವೆಯ ಕಡೆ ತಿರುಗಿ ಮೊದಲು ಕೌಜುಗದ ಹಾಗೆ ಕೂಗುತ್ತಾರೆ. ಕೆಳಗಿನ ದಾರಿಯಲ್ಲಿ ಯಾರೂ ಇಲ್ಲದಿದ್ದರೂ ಕೂಗುತ್ತಾರೆ.