ಪೋಶ್ ದೇದ್ ಅಮ್ಮನವರ ಬಳಿಗೆ ಬಂದ ಬೇಹುಗಾರ

ವುಲರ್ ಸರೋವರದ ದಂಡೆಯಲ್ಲಿ, ಮೀನುಗಾರರ ಗುಡಿಸಲುಗಳ ನಡುವೆ, ಪೂಜ್ಯ ಪೋಶ್ ದೇದ್ ಅಮ್ಮನವರು ಜೊಂಡಿನ ಚಾಪೆ ಹೆಣೆಯುತ್ತ ವಾಸವಾಗಿದ್ದರು. ದೇದ್ ಎಂದರೆ ಕಾಶ್ಮೀರಿ ಮಾತಿನಲ್ಲಿ ಅಜ್ಜಿ. ಕೈ ಹೆಣೆಯುತ್ತಿರುವಂತೆಯೇ ಅವರ ಬಾಯಿಂದ ತಾವೇ ಕಟ್ಟಿದ ಹಾಡಿನ ಪದಗಳು ಹೊರಡುತ್ತಿದ್ದವು. ಓದುಬರಹ ಅರಿಯದ ಅವರು ಒಂದನ್ನೂ ಬರೆದಿಟ್ಟವರಲ್ಲ. ಕೇಳಿದವರು ಕಂಠದಲ್ಲಿ ಉಳಿಸಿಕೊಂಡರು.

‘ದೊರೆ ಮಲಗಿದ್ದಾನೆ, ಮನೆ ಸೂರೆಹೋಗುತ್ತಿದೆ’ ಎಂಬ ಪದವೊಂದು ಪ್ರಾಂತಾಧಿಕಾರಿಯ ಕಿವಿಗೆ ಬಿತ್ತು. ಇದು ತನ್ನನ್ನೇ ಕುರಿತದ್ದೆಂದು ಆತ ಕೆರಳಿದ. ನಿಜ ತಿಳಿದು ಬರಲು ಗೋಪಾಲಜೂ ತಿಕ್ಕು ಎಂಬ ಗುಮಾಸ್ತನನ್ನು ಕಳುಹಿಸಿದ. ಇವನ ವರದಿಯಿಂದ ಸೆರೆಮನೆ ಸೇರಿದವರು ಹಲವರು.

ಭಕ್ತನ ಸೋಗಿನಲ್ಲಿ ಬಂದ ಗೋಪಾಲಜೂ ಬಾಗಿಲ ಬಳಿ ಕುಳಿತ. ಅವನಿಗೆ ಕಂಡದ್ದೆಲ್ಲ ಸಂಶಯ. ಮೀನುಗಾರನೊಬ್ಬ ತಲೆದೂಗಿದರೆ, ಅದು ಯಾರಿಗೆ ಸನ್ನೆ? ಹೆಂಗಸೊಬ್ಬಳು ಕಣ್ಣೊರೆಸಿಕೊಂಡರೆ, ಯಾವ ಹಳೆಯ ಸೇಡು? ಚಾಪೆ ಹೊತ್ತು ಹೋದವನು ಸುರುಳಿಯೊಳಗೆ ಏನನ್ನು ಅಡಗಿಸಿದ? ಮೂರು ದಿನ ಸಡಿಲ ನಿಲುವಂಗಿಯ ಮರೆಯಲ್ಲಿ ಕಾಗದ ಇಟ್ಟುಕೊಂಡು ಪ್ರತಿ ಪದವನ್ನೂ ಗೀಚಿಕೊಂಡ.

ನಾಲ್ಕನೆಯ ಮಧ್ಯಾಹ್ನ ಅಮ್ಮನವರು ಹೆಣಿಗೆ ನಿಲ್ಲಿಸಿದರು.

“ಹತ್ತಿರ ಬಾ ಮಗು. ಅಲ್ಲಿ ಚಳಿಗೆ ಮಸಿ ಹೆಪ್ಪುಗಟ್ಟುತ್ತದೆ” ಎಂದು ಮೈ ಕಾಯಿಸಿಕೊಳ್ಳುವ ತಮ್ಮ ಕೆಂಡದ ಬುಟ್ಟಿಯನ್ನು ಅವನತ್ತ ಸರಿಸಿದರು.

ಗೋಪಾಲಜೂ ಕಾಗದವನ್ನು ನಿಲುವಂಗಿಯ ಇನ್ನಷ್ಟು ಒಳಗೆ ತುರುಕಿದ. ಸಿಕ್ಕಿಬಿದ್ದೆ ಎಂದುಕೊಂಡ, ಮರುಕ್ಷಣವೇ, ಇದೂ ಮರುಳು ಮಾಡುವ ಉಪಾಯವಿರಬೇಕೆಂದು ಗಟ್ಟಿಯಾದ.

“ಮಲಗಿರುವ ದೊರೆ ಯಾರು? ಹೆಸರು ಹೇಳಿ” ಎಂದ.

“ನಾನೇ ಮಗು” ಎಂದರು ಅಮ್ಮನವರು. “ಈ ಮೈಯೆಂಬ ಮನೆಗೆ ನಾನೇ ದೊರೆ. ಅರ್ಧ ಆಯುಷ್ಯ ನಿದ್ದೆಯಲ್ಲಿ ಕಳೆದೆ. ನೀನು ಊರವರ ಮನೆಗಳನ್ನೆಲ್ಲ ಕಾದವನು. ನಿನ್ನ ಮನೆಯಲ್ಲಿ ಎಚ್ಚರವಾಗಿರುವವರು ಯಾರು?”

ಗೋಪಾಲಜೂ ಎದ್ದು ಹೋದ. ವರದಿಯಲ್ಲಿ ‘ಅಪರಾಧ ಕಾಣಲಿಲ್ಲ’ ಎಂದಷ್ಟೇ ಬರೆದ. ಪ್ರಾಂತಾಧಿಕಾರಿ ಅವನನ್ನೇ ಶಂಕಿಸಿ ಕೆಲಸದಿಂದ ತೆಗೆದುಹಾಕಿದ. ಅಮ್ಮನವರ ತಂಟೆಗೆ ಮಾತ್ರ ಯಾರೂ ಬರಲಿಲ್ಲ.

ಹಿಮ ಕರಗುವ ವೇಳೆಗೆ ಗೋಪಾಲಜೂ ಒಳ್ಳೆಯ ಕಾಗದದ ಕಟ್ಟು ಹಿಡಿದು ಮರಳಿ ಬಂದ. “ಅಮ್ಮಾ, ನಾನು ಬರೆದುಕೊಂಡದ್ದರಲ್ಲಿ ತಪ್ಪೇ ತುಂಬಿದೆ. ಮೊದಲಿನಿಂದ ಹೇಳಿ. ಒಂದಕ್ಷರವೂ ಬಿಡದೆ ಬರೆಯುತ್ತೇನೆ.”

ಅಮ್ಮನವರು ನಕ್ಕರು. “ಬರೆಯುವುದು ಇದ್ದೇ ಇದೆ. ಇವತ್ತು ಸುಮ್ಮನೆ ಕೇಳು.”

ಕಟ್ಟನ್ನು ಪಕ್ಕಕ್ಕಿಟ್ಟು ಗೋಪಾಲಜೂ ಎಲ್ಲರ ನಡುವೆ ಕುಳಿತ. ಪದ ಮುಗಿದಾಗ ಅವನ ಕೆನ್ನೆ ಒದ್ದೆಯಾಗಿತ್ತು. ಪಕ್ಕದವರು ನೋಡುತ್ತಿದ್ದರು, ಅವನು ಮುಖ ಮರೆಸಿಕೊಳ್ಳಲಿಲ್ಲ.