ಅಡ್ಡ ಬೀಸಿದ ಗಾಳಿ

"ಗುರುಗಳೇ, ನನ್ನ ಅಣ್ಣನಿಗೆ ನನ್ನ ಮೇಲೆ ಎಳ್ಳಷ್ಟೂ ಅಕ್ಕರೆಯಿಲ್ಲ. ಬಾ ಎನ್ನುವುದಿಲ್ಲ, ಹೋಗು ಎನ್ನುವುದೂ ಇಲ್ಲ. ವರ್ಷಗಟ್ಟಲೆ ಗಮನಿಸಿದ್ದೇನೆ. ಅವನ ಸಂಬಂಧ ಕಡಿದುಕೊಳ್ಳಲೇ?" ಎಂದು ಶಿಷ್ಯ ಕೇಳಿದ.

ಗುರುಗಳಿಗೆ ರೇಗಿತು. ಈ ಮಾತನ್ನು ಕೇಳಿ ಕೇಳಿ ಅವರಿಗೆ ಸಾಕಾಗಿಹೋಗಿತ್ತು. "ಬಾಯಿ ಮುಚ್ಚಿಕೊಂಡು ಕೂತು ಕೇಳು" ಎಂದು ಹೇಳತೊಡಗಿದರು.

ಒಬ್ಬ ವಿಜ್ಞಾನಿಯಿದ್ದ. ಬಯಲಿನಲ್ಲಿ ರಾಡಾರ್ ಇಟ್ಟುಕೊಂಡು ಮೇಲಿನ ಗಾಳಿಯನ್ನು ಅಳೆಯುವುದು ಅವನ ಕೆಲಸ. ರಾಡಾರ್ ಆಕಾಶಕ್ಕೆ ಅಲೆಗಳನ್ನು ಕಳಿಸುತ್ತದೆ. ಅವು ಗಾಳಿಗೆ ತಗುಲಿ ಒಂದಿಷ್ಟು ಮರಳಿ ಬರುತ್ತವೆ. ಅದರಿಂದ, ಗಾಳಿ ತನ್ನತ್ತ ಬರುತ್ತಿದೆಯೇ, ತನ್ನಿಂದ ದೂರ ಹೋಗುತ್ತಿದೆಯೇ ಎಂಬುದು ಅದಕ್ಕೆ ತಿಳಿಯುತ್ತದೆ. ಅಷ್ಟೇ ತಿಳಿಯುತ್ತದೆ. ಅಡ್ಡಲಾಗಿ ಹಾದುಹೋಗುವ ಗಾಳಿ ಎಷ್ಟೇ ಜೋರಾಗಿರಲಿ, ಅದರ ಪಾಲಿಗೆ ಸೊನ್ನೆ. ಅದಕ್ಕೇ ಅಲೆಗಳನ್ನು ಒಮ್ಮೆ ಪಡುವಣಕ್ಕೆ, ಒಮ್ಮೆ ಬಡಗಣಕ್ಕೆ ವಾಲಿಸಿ ಕಳಿಸಿ, ಎರಡನ್ನೂ ಕೂಡಿಸಿ ನೋಡಿದ ಮೇಲೆಯೇ ಬಾಯಿ ಬಿಡುವುದು ಆ ಕಸುಬಿನ ಕ್ರಮ.

ಈ ಮಹಾಶಯನಿಗೆ ಅಷ್ಟು ವ್ಯವಧಾನ ಎಲ್ಲಿಯದು? ಅಲ್ಲಿ ಗಾಳಿ ಬಹುಪಾಲು ಪಡುವಣದಿಂದಲೇ ಬರುತ್ತಿತ್ತು. ಹಾಗಾಗಿ ಪಡುವಣಕ್ಕೆ ಮಾತ್ರ ನೋಡುತ್ತಿದ್ದ. ಜೊತೆಯವರು ಹೇಳಿದರೆ ಕೇಳುವ ಆಸಾಮಿಯಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಒಂದು ಬೆಳಿಗ್ಗೆ ಬಲೂನು ಹಾರಿಸುವವನೊಬ್ಬ ಬಂದ. ಕೆಳಗೆ ಎಲೆಯೂ ಅಲುಗುತ್ತಿರಲಿಲ್ಲ.

"ಸ್ವಾಮೀ, ಮೇಲೆ ಗಾಳಿ ಹ್ಯಾಗದೆ? ಬುಟ್ಟೀಲಿ ಕೂತು ಹೋಗೋನು ನಾನು. ಸರಿಯಾಗಿ ನೋಡಿ ಹೇಳಿ" ಎಂದ.

ವಿಜ್ಞಾನಿ ಪರದೆ ನೋಡಿದ. ಬರುವುದೂ ಇಲ್ಲ, ಹೋಗುವುದೂ ಇಲ್ಲ. "ಗಾಳಿಯೇ ಇಲ್ಲ. ಹೋಗಿ ಬಾ" ಎಂದ.

ಆ ದಿನ ಮೇಲೆ ಗಾಳಿ ಬಡಗಣದಿಂದ, ಅವನು ಕಳಿಸಿದ ಅಲೆಗಳಿಗೆ ಅಡ್ಡಲಾಗಿ ಬೀಸುತ್ತಿತ್ತು. ಬಲೂನನ್ನು ಎಳೆದೊಯ್ದು ತೆಂಕಣ ಬೆಟ್ಟದ ಬಂಡೆಗೆ ಅಪ್ಪಳಿಸಿತು. ಜೀವ ಉಳಿಯಿತು; ಎರಡು ಕಾಲೂ ಹೋದವು. ವಿಜ್ಞಾನಿ ನೋಡಲು ಹೋದಾಗ ಅವನು ಮುಖ ತಿರುಗಿಸಿಕೊಂಡ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಎಂಥ ಮೂರ್ಖ! ಇನ್ನೊಂದು ಕಡೆಗೂ ಒಂದು ಸಲ ನೋಡಲು ಏನು ಧಾಡಿಯಾಗಿತ್ತು ಅವನಿಗೆ?" ಎಂದು ಕಿಡಿಕಾರಿದ.

ಗುರುಗಳು ಅವನನ್ನೇ ದಿಟ್ಟಿಸಿ ಕೇಳಿದರು: "ಅಣ್ಣ ನಿನಗೆ ಏನು ಮಾಡಿದ, ಏನು ಮಾಡಲಿಲ್ಲ ಎಂಬುದು ಸಾಕು. ಅವನಿಗೆ ಈಗ ಏನು ಕಷ್ಟವಿದೆ, ಹೇಳು ನೋಡೋಣ."