ಆನೆದಾರಿ ಬೆಟ್ಟವನ್ನು ಬಳಸಿ ಹೋಗುವುದೇಕೆ

ಈ ಕಥೆಯನ್ನು ಮೊದಲು ಹೇಳಿದವರು ನಮ್ಮ ತಾಯಿಯ ಸೋದರಮಾವ ಮರಿಮಲ್ಲಪ್ಪನವರು. ಕೈಕಾಲು ತೊಳೆದು ವಿಭೂತಿ ಇಟ್ಟುಕೊಂಡೇ ಹೇಳುತ್ತಿದ್ದರು.

ಆಗ ಲೋಕ ಇನ್ನೂ ಹೊಸದು. ಬೆಟ್ಟದ ಮಣ್ಣು ಕಲಸಿಟ್ಟ ಹಿಟ್ಟಿನ ಹಾಗೆ ಮೆತ್ತಗಿತ್ತು. ಶಿವ ಹೊಲವನ್ನು ಮನುಷ್ಯನಿಗೆ ಕೊಟ್ಟ, ಹೊಳೆಯನ್ನು ಮೀನಿಗೆ ಕೊಟ್ಟ. ಕಾಡನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಇದು ಎಲ್ಲರದು, ಬನ್ನಿ, ತಿರುಗಾಡಿ, ಕಣ್ತುಂಬ ನೋಡಿಕೊಂಡು ಹೋಗಿ ಎಂದ.

ಎಲ್ಲರದು ಅಂದಮೇಲೆ ಜಗಳ ತಪ್ಪೀತೇ? ಹುಲಿ, ಕಡವೆ, ಹಂದಿ, ಮುಸುವ, ಮನುಷ್ಯ ಎಲ್ಲರೂ ಶಿವನ ಮುಂದೆ ನಿಂತು, ನಮ್ಮ ನಮ್ಮ ಪಾಲು ಬೇರೆ ಮಾಡಿಕೊಡು, ಬೇಲಿ ಹಾಕಿಕೊಳ್ಳುತ್ತೇವೆ ಎಂದರು.

ಆ ಗುಂಪಿನಲ್ಲಿ ಕೆಂಚವ್ವ ಎಂಬ ಮುದುಕಿಯೂ ಇದ್ದಳು. ಬೆಟ್ಟದ ತುದಿಯಲ್ಲಿರುವ ಒರತೆಯನ್ನು ಒಮ್ಮೆ ನೋಡಬೇಕೆಂದು ಅವಳಿಗೆ ಬಹಳ ಕಾಲದ ಆಸೆ. ಮಂಡಿನೋವು ಹತ್ತಲು ಬಿಟ್ಟಿರಲಿಲ್ಲ. ಬೇಲಿ ಬಿದ್ದರೆ ಆಸೆಯೂ ಮುಗಿದಂತೆ. ಪಾಲು ಮಾಡಬೇಡ ಸ್ವಾಮಿ ಎಂದು ಕೈಮುಗಿದಳು.

ಶಿವ ಯೋಚಿಸಿ ಹೇಳಿದ: "ಹತ್ತಬಲ್ಲವರಿಗೆ ಮಾತ್ರ ಸಿಕ್ಕೋದನ್ನ ಎಲ್ಲರದು ಅನ್ನೋಕಾಗಲ್ಲ. ಕೆಂಚವ್ವನನ್ನು ನಡೆಸಿಕೊಂಡೇ ಒರತೆಗೆ ಹೋಗಿ, ಹೊತ್ತು ಮುಳುಗುವುದರೊಳಗೆ ಇಳಿಸಿ ತನ್ನಿ. ಕರೆತಂದವರ ದಾರಿಯೇ ಎಲ್ಲರ ದಾರಿ, ಕಾಡೂ ಇಡಿಯಾಗಿ ಉಳಿಯುತ್ತದೆ. ಆಗದಿದ್ದರೆ ನಾಳೆ ಬೇಲಿ."

ದಾರಿಗೆ ತನ್ನ ಹೆಸರೇ ಬರಲಿ ಎಂದು ಎಲ್ಲವೂ ಮುಂದೆ ಬಂದವು. ಕಡವೆ ಹಳ್ಳದ ಆಚೆಗೆ ಚಂಗನೆ ನೆಗೆದು, ಇಷ್ಟೇ ನೋಡು, ಬಾ ಎಂದಿತು. ಹಂದಿ ಮುಳ್ಳುಪೊದೆಯ ಕೆಳಗೆ ತೂರಿ, ಸ್ವಲ್ಪ ಬಗ್ಗಿದರೆ ಸಾಕು ಎಂದಿತು. ಮುಸುವ ಕೊಂಬೆಯಿಂದ ಬಾಲ ಇಳಿಬಿಟ್ಟು, ಹಿಡಿದುಕೋ ಅಜ್ಜಿ, ಎಳೆದುಕೊಳ್ಳುತ್ತೇನೆ ಎಂದಿತು.

"ಬಾಲ ಕಿತ್ತು ಬಂದ್ರೆ ನಿಮ್ಮವ್ವಂಗೆ ಏನಂತ ಹೇಳ್ಲಪ್ಪ?" ಎಂದಳು ಕೆಂಚವ್ವ.

ಹೊತ್ತು ನೆತ್ತಿಗೇರಿತು. ಆಗ ಮುದಿ ಹೆಣ್ಣಾನೆಯೊಂದು ಬಂತು. ಅದಕ್ಕೂ ಮಂಡಿನೋವು. ನಡಿಯವ್ವ, ನಿಧಾನಕ್ಕೆ ಹೋಗೋಣ ಎಂದಿತು.

ಆನೆ ಸೊಂಡಿಲಿನಿಂದ ನೆಲ ತಟ್ಟಿತು, ಕಾಲಿಟ್ಟಿತು. ಮತ್ತೆ ತಟ್ಟಿತು, ಮತ್ತೆ ಕಾಲಿಟ್ಟಿತು. ಕಡಿದಾದ ಕಡೆ ಬಳಸಿತು. ಅದು ತುಳಿದಲ್ಲಿ ಮೆತ್ತನೆಯ ಮಣ್ಣು ಗಟ್ಟಿಯಾಯಿತು. ಆ ಹೆಜ್ಜೆಯಲ್ಲೇ ಕೆಂಚವ್ವನ ಹೆಜ್ಜೆ. ಇವರು ಬೆಟ್ಟಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದಾರೆ ಎಂದು ಮುಸುವ ಮೇಲಿಂದ ನಕ್ಕಿತು. ಪುಣ್ಯ ಬರ್ತದೆ, ನೀನೂ ಬಾ ಎಂದಳು ಕೆಂಚವ್ವ.

ಒಂದು ಕಡೆ ನೆಲ ಕುಸಿಯಿತು. ಆನೆ ಹಿಂದಕ್ಕೆ ಬಂದು ಬೇರೆ ತಿರುವು ಹಿಡಿಯಿತು. ಹೊತ್ತು ವಾಲುತ್ತಿತ್ತು. ನೆಟ್ಟಗೆ ಹತ್ತಿಬಿಡೋಣವೇ ಎಂದು ಕೆಂಚವ್ವ ಚಡಪಡಿಸಿದಳು.

"ನಾನು ನಿನ್ನ ಕಾಲನ್ನ ಕೇಳ್ಕೊಂಡು ಹೋಗ್ತಿದೀನಿ ತಾಯಿ, ಹೊತ್ತನ್ನಲ್ಲ" ಎಂದಿತು ಆನೆ.

ಇನ್ನೂ ಮೂರು ತಿರುವು. ಒರತೆ ಬಂತು. ಕೆಂಚವ್ವ ಬೊಗಸೆ ತುಂಬ ನೀರು ಕುಡಿದಳು, ಮುಖ ತೊಳೆದಳು, ನಾಲ್ಕೂ ದಿಕ್ಕಿನ ಕಾಡನ್ನು ನೋಡಿ ನಮಸ್ಕಾರ ಮಾಡಿದಳು. ತಡವಾದದ್ದು ಹತ್ತುವಾಗ ಮಾತ್ರ. ಇಳಿಯುವಾಗ ದಾರಿ ಆಗಲೇ ಸಿದ್ಧವಾಗಿತ್ತಲ್ಲ! ಸೂರ್ಯ ಇನ್ನೂ ಮರದ ತಲೆಯ ಮೇಲಿದ್ದ, ಇಬ್ಬರೂ ಶಿವನ ಮುಂದಿದ್ದರು.

ಆನೆ ಸೊಂಡಿಲೆತ್ತಿ ಘೀಳಿಟ್ಟಿತು. ಕಾಡಿಗೆ ಕಾಡೇ ಕೂಗಿತು. ಹುಲಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಬೇಲಿಯ ಮಾತು ಅಲ್ಲಿಗೇ ಮುಗಿಯಿತು.

ಅದಕ್ಕೇ ಮಕ್ಕಳೇ, ಇಂದಿಗೂ ಆನೆದಾರಿ ಬೆಟ್ಟವನ್ನು ಬಳಸಿ ಬಳಸಿ ಹತ್ತುತ್ತದೆ. ಕಾಡು ನೋಡಲು ಬಂದವರನ್ನು ಅರಣ್ಯದ ಕಾವಲುಗಾರರು ಆ ದಾರಿಯಲ್ಲೇ ನಡೆಸುತ್ತಾರೆ, ಆನೆ ಎದುರಾದರೆ ದೂರ ಸರಿದು ನಿಲ್ಲುತ್ತಾರೆ. ನೀವೂ ಆ ದಾರಿಯಲ್ಲಿ ನಡೆದಾಗ, ಜೊತೆಗಿರುವವರಿಗೆ ಈ ಕಥೆ ಹೇಳಿ.